ಮುದ್ದೇಬಿಹಾಳದ ಗೋಲಿಗೆ ಚಪ್ಪಾಳೆ

ಅವತ್ತು ನಾನೂ ಚಪ್ಪಾಳೆ ತಟ್ಟಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಅಂಗೈ ಚುರುಗುಟ್ಟಿದ ನೆನಪಿದೆ. ಆದರೆ ಬಿಸಿಲಿಗೆ ಕಾದು ನಿಂತಿದ್ದ ಕ್ರೂಸರ್ ಗಾಡಿಯ ಬಾಗಿಲು ಹಿಡಿದಾಗಲೂ ಅಂಗೈ ಹಾಗೇ ಚುರುಗುಟ್ಟಿರಬಹುದು. ಯಾವ ಉರಿ ಯಾವುದರದ್ದೆಂದು ಈಗ ಬಿಡಿಸಿ ಹೇಳಲಾರೆ. ಧಾರವಾಡದಲ್ಲಿ ಇತಿಹಾಸ ಓದುವಾಗ ಒಂದು ಪಾಠ ಗಟ್ಟಿಯಾಗಿ ಕಲಿತಿದ್ದೆ: ಯಾರೇ ಏನೇ ಹೇಳಲಿ, ಹಾಗೆ ಹೇಳುವುದರಿಂದ ಅವರಿಗೇನು ಲಾಭ ಎಂದು ಮೊದಲು ಕೇಳಬೇಕು. ಬೇರೆಯವರಿಗೆ ಆ ಪ್ರಶ್ನೆ ಹಾಕುವುದು ಸುಲಭ. ನನ್ನದೇ ನೆನಪಿಗೆ ಹಾಕಿದರೆ ಅದು ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತದೆ.

ಇಂಡಿಯಲ್ಲಿ ಫುಟ್‌ಬಾಲ್ ಎಂದರೆ ನಗುವವರೇ ಹೆಚ್ಚು. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಹುಡುಗರು ಭಾನುವಾರಗಳಂದು ಒಬ್ಬರ ಊರಿಗೊಬ್ಬರು ಹೋಗಿ ಆಡುತ್ತಿದ್ದರು. ಆಟಗಾರರು ಒಂದು ಗಾಡಿಯಲ್ಲಿ, ನಾವು ಹತ್ತು ಹನ್ನೆರಡು ಮಂದಿ ಅಭಿಮಾನಿಗಳು ಇನ್ನೊಂದು ಗಾಡಿಯಲ್ಲಿ. ನಾನು ಕಾಲೇಜಿನ ಅತಿಥಿ ಉಪನ್ಯಾಸಕ. ಭಾನುವಾರ ಮನೆಯಲ್ಲಿ ಕೂತರೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಯೋಚನೆ ಹತ್ತುತ್ತಿತ್ತು. ಹಾಗಾಗಿ ಹೋಗುತ್ತಿದ್ದೆ.

ಪರವೂರಿಗೆ ಹೋದಾಗ ಹೇಗಿರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಒಂದೇ ಕಡೆ ನಿಲ್ಲಬೇಕು. ಅವರ ಮೈದಾನದಲ್ಲಿ ನಮ್ಮ ಹುಡುಗರನ್ನು ಬೈಯಬಾರದು, ಬೈಯುವುದಿದ್ದರೆ ಮನೆಗೆ ಹೋಗಿ ಬೈಯಬೇಕು. ರೊಟ್ಟಿ ಗಂಟು ಆಟಕ್ಕೆ ಮುಂಚೆ ಬಿಚ್ಚಿದರೆ ಸೋಲು ಖಂಡಿತ. ಗಾಡಿಯ ಮುಂದಿನ ಸೀಟು ಹಿರಿಯರಿಗೆ. ಎಲ್ಲಕ್ಕಿಂತ ದೊಡ್ಡದು, ಗಾಡಿಯಲ್ಲಿ ಬಂದವರು ಗಾಡಿಯಲ್ಲೇ ವಾಪಸ್ ಹೋಗಬೇಕು. ಒಮ್ಮೆ ಬಾಗೇವಾಡಿಯಲ್ಲಿ ಒಬ್ಬ ಕುಡಿದು ಮಲಗಿಬಿಟ್ಟಾಗ ಊರೆಲ್ಲ ಹುಡುಕಿ, ಹೊತ್ತು ತಂದು ಗಾಡಿಗೆ ಹಾಕಿಕೊಂಡಿದ್ದೆವು.

ಮುಂದಿನ ಸೀಟು ಯಾವಾಗಲೂ ಟೇಲರ್ ಕಾಕಾನದು. ಅರವತ್ತು ದಾಟಿದ ಮನುಷ್ಯ, ಎಡ ಮೊಣಕಾಲು ಮಡಚುತ್ತಿರಲಿಲ್ಲ. ನಮ್ಮ ಹುಡುಗರ ಅಂಗಿಗಳ ಮೇಲೆ ನಂಬರ್ ಹೊಲಿದುಕೊಟ್ಟವನು ಅವನೇ. ಪ್ರಾಯದಲ್ಲಿ ಆಲಮೇಲದ ಕಡೆ ಕುಸ್ತಿ ಆಡಿದವನು. ನನ್ನನ್ನು 'ತಮ್ಮಾ' ಎಂದು ಕರೆಯುತ್ತಿದ್ದ. ನನ್ನಪ್ಪ ತೀರಿಕೊಂಡ ಮೇಲೆ ಈ ಊರಲ್ಲಿ ನಾನು ಹೋಗಿ ಸುಮ್ಮನೆ ಕೂಡಬಹುದಾದ ಜಾಗ ಅವನ ಅಂಗಡಿಯೊಂದೇ ಆಗಿತ್ತು.

ಮುದ್ದೇಬಿಹಾಳಕ್ಕೆ ಹೋಗುವ ದಾರಿಯಲ್ಲಿ ನಾನು ಭಾಷಣ ಬಿಗಿದಿದ್ದೆ. ಇದರ ಬಗ್ಗೆ ಸಂಶಯವಿಲ್ಲ, ನನ್ನ ಭಾಷಣಗಳು ನನಗೆ ಚೆನ್ನಾಗಿ ನೆನಪಿರುತ್ತವೆ. ಹೊರದೇಶದಲ್ಲಿ ಎದುರಾಳಿ ಒಳ್ಳೆಯ ಗೋಲು ಹೊಡೆದರೆ ಎದ್ದು ನಿಂತು ಚಪ್ಪಾಳೆ ತಟ್ಟುವವರಿದ್ದಾರೆ, ಆಟ ನೋಡುವುದೆಂದರೆ ಅದು, ನಾವು ನೋಡುವುದು ಬರೀ ನಮ್ಮ ಊರನ್ನು ಎಂದೆ.

ಕಾಕಾ ಹಿಂದೆ ತಿರುಗಿ ನಕ್ಕ. "ಹೊರದೇಶ ಯಾಕ ಬೇಕೋ ತಮ್ಮಾ? ನಮ್ಮ ಕುಸ್ತ್ಯಾಗ ಐತಿ ಅದು. ನನ್ನ ಚಿತ್ ಮಾಡಿದಾಂವಗ ನಮ್ಮಪ್ಪನ ಎದ್ದು ಹೋಗಿ ಮುಂಡಾಸ ಸುತ್ತಿದ್ದ. ನಾ ಇನ್ನೂ ಮಣ್ಣಾಗ ಬಿದ್ದಿದ್ದೆ!"

"ನಿಮ್ಮಪ್ಪ ಭಾಳ ದೊಡ್ಡ ಮನಷ್ಯಾ ಬಿಡ್ರಿ ಕಾಕಾ," ಎಂದ ಗೊಬ್ಬರದಂಗಡಿಯ ಅಣ್ಣ. ಅವನ ತಮ್ಮನೇ ನಮ್ಮ ತಂಡದ ಕ್ಯಾಪ್ಟನ್, ಗಾಡಿ ಗೊತ್ತುಮಾಡುವವನು ಈ ಅಣ್ಣನೇ. "ನಮ್ಮಪ್ಪ ಆಗಿದ್ರ ಅದ ಮುಂಡಾಸದಾಗ ನನ್ನ ಕೈಕಾಲ ಕಟ್ಟತಿದ್ದ." ಎಲ್ಲರೂ ನಕ್ಕೆವು. ಗಾಡಿ ಇನ್ನೂ ಸಿಂದಗಿ ದಾಟಿರಲಿಲ್ಲ.

ಅವತ್ತಿನ ಆಟ ಸಮವಾಗಿದ್ದರೂ ಸಾಕಿತ್ತು, ನಾವು ಫೈನಲ್‌ಗೆ ಹೋಗುತ್ತಿದ್ದೆವು. ಆಟ ಮುಗಿಯಲು ಐದಾರು ನಿಮಿಷ ಇರುವವರೆಗೂ ಒಂದೂ ಗೋಲಿಲ್ಲ. ಆಗ ಅವರ ಕಡೆಯ ಒಬ್ಬ ಸಣಕಲ ಹುಡುಗ ಮೈದಾನದ ನಡುವಿನಿಂದ ಚೆಂಡು ತಂದ. ಇಬ್ಬರನ್ನು ದಾಟಿದ. ನಮ್ಮ ಗೋಲ್‌ಕೀಪರ್ ಮುಂದೆ ಓಡಿಬಂದ. ಹುಡುಗ ಹೊಡೆಯುವವನಂತೆ ಕಾಲೆತ್ತಿ, ಚೆಂಡಿನ ಅಡಿಗೆ ಕಾಲ್ಬೆರಳಷ್ಟೇ ತಾಗಿಸಿದ. ಚೆಂಡು ಗೋಲ್‌ಕೀಪರನ ತಲೆಯ ಮೇಲಿಂದ ನಿಧಾನವಾಗಿ ಹೋಗಿ, ಕರಿಮಣ್ಣಿನಲ್ಲಿ ಎರಡು ಸಲ ಪುಟಿದು, ಬಲೆಯೊಳಗೆ ಹೋಗಿ ನಿಂತಿತು.

ಆ ಊರಿನವರಿಗೂ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆ ಒಂದು ಕ್ಷಣ ಮೈದಾನವೆಲ್ಲ ಸುಮ್ಮನಿತ್ತು. ಆ ಮೌನದಲ್ಲಿ ನಾವು ನಿಂತ ಕಡೆಯಿಂದ ಚಪ್ಪಾಳೆ ಕೇಳಿಸಿತು. ನಮ್ಮವರೆಲ್ಲ ತಿರುಗಿದರು. ಕಾಕಾನ ಎರಡೂ ಕೈ ಇನ್ನೂ ಎದೆಯ ಮುಂದೆಯೇ ಇದ್ದವು. ಮುಖ ಅರಳಿತ್ತು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈಗಳು ಎಲ್ಲಿದ್ದವು? ಅವು ಪ್ಯಾಂಟಿನ ಜೇಬಿನಲ್ಲಿದ್ದವು ಎಂದು ಮೊದಮೊದಲು ಹೇಳಿಕೊಳ್ಳುತ್ತಿದ್ದೆ. ಆಮೇಲೊಂದು ದಿನ ನೆನಪಾಯಿತು, ಅವತ್ತು ನಾನು ಹಾಕಿಕೊಂಡಿದ್ದ ಪ್ಯಾಂಟಿನ ಜೇಬಿನಲ್ಲಿ ಮೊಬೈಲ್ ಇಟ್ಟರೆ ಕೈ ಹಿಡಿಸುತ್ತಿರಲಿಲ್ಲ.

ಸೋತು ಹೊರಟೆವು. ರೊಟ್ಟಿ ಗಂಟು ಯಾರೂ ಬಿಚ್ಚಲಿಲ್ಲ. ಗಾಡಿ ತಾಳಿಕೋಟೆ ಹತ್ತಿರ ಬಂತು. ಆಗ ಅಣ್ಣ ಶುರುಮಾಡಿದ.

"ಕಾಕಾ, ಮುದ್ದೇಬಿಹಾಳದಾಗ ನಿಮ್ಮ ಬೀಗರು ಯಾರರ ಅದಾರೇನ್ರಿ?"

"ಯಾರೂ ಇಲ್ಲಪಾ."

"ಮತ್ತ ಚಪ್ಪಾಳಿ ಯಾರಿಗೆ ಹೊಡದ್ರಿ?"

"ಗೋಲ ಚಂದ ಇತ್ತೋ."

"ಚಂದ ಇದ್ರ ಕಟ್ಟಿಕೊಂಡ ಬರಬೇಕಿತ್ತು! ನನ್ನ ತಮ್ಮ ಅಲ್ಲಿ ಮೈದಾನದಾಗ ಅಳಾಕತ್ತಿದ್ದ, ಇಲ್ಲಿ ನಮ್ಮ ಮಂದೀನ ಚಪ್ಪಾಳಿ. ಆ ಊರವ್ರು ನಮ್ಮ ಕಡೆ ಬೆರಳ ಮಾಡಿ ನಕ್ರು. ಕಂಡ್ರೋ ಇಲ್ಲೋ?"

ಕಾಕಾ ರೊಟ್ಟಿ ಗಂಟನ್ನು ತೊಡೆಯ ಮೇಲೆ ಸರಿಸಿಕೊಂಡ.

"ಮತ್ಯಾರು ಹೊಡದ್ರು? ಒಬ್ಬರದಲ್ಲ ಅದು, ಸಪ್ಪಳ ಜೋರ ಬಂತು," ಎಂದು ಹಿಂದಿನಿಂದ ಯಾರೋ ಕೇಳಿದರು.

ಕಾಕಾ ತಿರುಗಿ ನೋಡದೆ ಹೇಳಿದ: "ನಾ ಒಬ್ಬನ."

ಈ ಎರಡು ಪದಗಳನ್ನು ಹಿಡಿದುಕೊಂಡೇ ನಾನು ಎಷ್ಟೋ ತಿಂಗಳು ಬದುಕಿದೆ. ಅವನೇ ಹೇಳಿದನಲ್ಲ, ಪಕ್ಕದಲ್ಲಿದ್ದವನು ಅವನೇ ಅಲ್ಲವೇ, ಅವನಿಗಿಂತ ದೊಡ್ಡ ಸಾಕ್ಷಿ ಬೇಕೇ? ಆದರೆ ಹಾಗೆ ಹೇಳುವುದರಿಂದ ಅವನಿಗೇನು ಲಾಭ? ಅವನಿಗೆ ಏನೂ ಇಲ್ಲ. ಲಾಭವೆಲ್ಲ ನನಗೇ.

ತಾಳಿಕೋಟೆ ಬಸ್‌ಸ್ಟ್ಯಾಂಡಿನ ಮುಂದೆ ಚಹಾಕ್ಕೆಂದು ಗಾಡಿ ನಿಂತಿತು. ಅಲ್ಲಿ ಮಾತು ಏರಿತು. ಕ್ಷಮಾ ಕೇಳ್ರಿ ಎಂದು ಅಣ್ಣ. ಚಪ್ಪಾಳಿಗೆ ಕ್ಷಮಾ ಕೇಳೂದಿಲ್ಲ ಎಂದು ಕಾಕಾ. "ಹಂಗಾರ ಈ ಗಾಡಿ ಹತ್ತಬ್ಯಾಡ್ರಿ," ಎಂದ ಅಣ್ಣ. ಡ್ರೈವರ್ ಮಾತ್ರ, "ಅಣ್ಣಾರ, ಬಂದಾವ್ರನ್ನ ಬಿಟ್ಟ ಹೋಗಬಾರ್ದ್ರಿ," ಎಂದ. ಯಾರೂ ಅವನ ಮಾತು ಕೇಳಿಸಿಕೊಳ್ಳಲಿಲ್ಲ.

ಕಾಕಾ ನನ್ನ ಕಡೆ ನೋಡಿದ. ಬೆಳಗ್ಗೆಯ ಭಾಷಣ ಗಾಡಿಯಲ್ಲಿದ್ದ ಎಲ್ಲರೂ ಕೇಳಿದ್ದರು. ಈಗ ಒಂದು ಮಾತು ನಾನು ಆಡಬೇಕಿತ್ತು. ಆಡಿದ್ದು ಇನ್ನೊಂದು. ಇದು ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ನನ್ನ ದನಿ ತರಗತಿಯಲ್ಲಿ ಇರುವಷ್ಟೇ ಸಮಾಧಾನವಾಗಿತ್ತು:

"ಜಗಳ ಬ್ಯಾಡ್ರಿ ಅಣ್ಣಾರ. ಆರೂವರಿಗೆ ಸಿಂದಗಿ ಬಸ್ ಐತಿ. ಕಾಕಾ ಅದಕ್ಕ ಬರ್ತಾರ. ಸಿಂದಗ್ಯಾಗಿಂದ ಇಂಡಿಗೆ ಗಾಡಿ ಸಿಗತಾವು."

ನಾನು ಒಂದು ವರ್ಷ ತಾಳಿಕೋಟೆಯಲ್ಲಿ ಪಾಠ ಮಾಡಿದ್ದೆ. ಆ ಬಸ್ಸಿನಲ್ಲೇ ದಿನಾ ಸಿಂದಗಿಗೆ ಬರುತ್ತಿದ್ದೆ. ಹಾಗಾಗಿ ಎಲ್ಲರೂ ನಂಬಿದರು. ಅಣ್ಣನಿಗೂ ನಿರಾಳವಾಯಿತು ಎಂದು ಕಾಣುತ್ತದೆ, ಮುದುಕನನ್ನು ಬೀದಿಯಲ್ಲಿ ಬಿಟ್ಟ ಹಾಗಾಗಲಿಲ್ಲವಲ್ಲ.

ಕಾಕಾ ಮುಂದಿನ ಸೀಟಿನಿಂದ ತನ್ನ ಕೈಚೀಲ, ರೊಟ್ಟಿ ಗಂಟು ತೆಗೆದುಕೊಂಡ. "ಆತ್ರಿ ಸರ," ಎಂದ. ನನಗೆ. ಗಾಡಿ ಹೊರಟಾಗ ಅವನು ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಎಡಗಾಲು ಚಾಚಿಕೊಂಡು ಕೂತಿದ್ದ. ಕಲಕೇರಿ ದಾಟುವವರೆಗೆ ಮುಂದಿನ ಸೀಟಿನಲ್ಲಿ ಯಾರೂ ಕೂರಲಿಲ್ಲ. ಆಮೇಲೆ ಯಾರೋ ಕೂತರು. ಅದು ನಾನಿರಲಿಕ್ಕಿಲ್ಲ.

ಮರುದಿನ ಅಂಗಡಿ ಮಧ್ಯಾಹ್ನದವರೆಗೆ ಮುಚ್ಚಿತ್ತು. ತೆಗೆದ ಮೇಲೆ ಹೋದೆ.

"ಬಸ್ ಸಿಕ್ತೋ ಇಲ್ಲೋ ಕಾಕಾ?"

"ಬಂದೇನಲ್ಲರಿ," ಎಂದ, ಸೂಜಿಗೆ ದಾರ ಪೋಣಿಸುತ್ತ. ಹೇಗೆ ಬಂದ, ಯಾವಾಗ ಬಂದ, ಹೇಳಲಿಲ್ಲ. ಮುಂದೆ ಯಾವ ಊರಿನ ಆಟಕ್ಕೂ ಬರಲಿಲ್ಲ. ಹುಡುಗರು ಹೊಸ ಅಂಗಿ ಕೊಟ್ಟರೆ ನಂಬರ್ ಹೊಲಿದು ಕೊಡುತ್ತಿದ್ದ. ನನ್ನ ಪ್ಯಾಂಟಿನ ಅಂಚೂ ಹೊಲಿದ. "ಗುರುವಾರ ಬರ್ರಿ," ಎನ್ನುತ್ತಿದ್ದ, ಹೊಸ ಗಿರಾಕಿಗೆ ಹೇಳಿದ ಹಾಗೆ. ನಾನು ಕೂಡುತ್ತಿದ್ದ ಸ್ಟೂಲಿನ ಮೇಲೆ ಬಟ್ಟೆಯ ಗಂಟುಗಳು ಬಂದವು.

ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ. "ಕಾಕಾ, ಅವತ್ತ ನಾನೂ ಹೊಡದಿದ್ನೇನು?"

"ಏನು?"

"ಚಪ್ಪಾಳಿ."

ಅವನು ಮಷೀನ್ ನಿಲ್ಲಿಸಿದ. ಅವತ್ತಿನ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. "ನಿಮ್ಮ ಕೈ ಅವು. ನನಗೇನ ಕೇಳ್ತೀರಿ?" ಮತ್ತೆ ಮಷೀನ್ ತುಳಿಯತೊಡಗಿದ, ಬಲಗಾಲೊಂದರಿಂದಲೇ.

ಆಮೇಲೆ ನಾನು ಹುಚ್ಚನ ಹಾಗೆ ಹುಡುಕಿದೆ. ಮುದ್ದೇಬಿಹಾಳದ ಹುಡುಗನೊಬ್ಬ ಆ ಗೋಲನ್ನು ಮೊಬೈಲಿನಲ್ಲಿ ಹಿಡಿದಿದ್ದ. ಅವರಿವರನ್ನು ಕೇಳಿ ತರಿಸಿಕೊಂಡು ಹತ್ತಾರು ಸಲ ನೋಡಿದೆ. ಚೆಂಡು ಕಾಣುತ್ತದೆ, ಗೋಲ್‌ಕೀಪರ್ ಕಾಣುತ್ತಾನೆ. ನಾವು ನಿಂತ ಮೂಲೆ ಕಾಣುವುದಿಲ್ಲ. ಕೇಳುವುದು ಗಾಳಿಯ ಸದ್ದು, ಆಮೇಲೆ ಅವರ ಊರಿನ ಕೂಗು. ಗಾಡಿಯಲ್ಲಿದ್ದ ಮೂವರನ್ನು ಬೇರೆಬೇರೆಯಾಗಿ ಕೇಳಿದೆ. ಒಬ್ಬ ನೀವೂ ಹೊಡದ್ರಿ ಎಂದ, ಇನ್ನೊಬ್ಬ ಇಲ್ಲ ಎಂದ, ಮೂರನೆಯವನು ನೀವು ಅವತ್ತು ಬಂದೇ ಇರಲಿಲ್ಲ ಎಂದು ವಾದಿಸಿದ.

ಕೊನೆಗೆ ಕಳೆದ ತಿಂಗಳು ತಾಳಿಕೋಟೆಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಅದೇ ಕಲ್ಲು ಬೆಂಚು. ಕಿಟಕಿಯೊಳಗಿದ್ದ ಹಿರಿಯ ಕಂಟ್ರೋಲರ್‌ಗೆ ಆರೂವರೆ ಸಿಂದಗಿ ಬಸ್ಸಿನ ಬಗ್ಗೆ ಕೇಳಿದೆ.

"ಐತ್ರಿ. ಕಾಲೇಜ್ ಹುಡುಗರ ಸಲುವಾಗಿ ಬಿಟ್ಟದ್ದು. ಅದ ಕಡೇ ಬಸ್."

"ದಿನಾ ಇರತೈತೇನ್ರಿ?"

"ಸೋಮವಾರದಿಂದ ಶನಿವಾರ. ಆದಿತ್ಯವಾರ ಇಲ್ರಿ."

"ಹೋದ ವರ್ಷ?"

ಅವರು ಕನ್ನಡಕ ಮೇಲೆತ್ತಿ ಗೋಡೆಯ ಹಲಗೆ ತೋರಿಸಿದರು. ಹತ್ತಿರ ಹೋಗಿ ಓದಿದೆ. ಬಣ್ಣ ಮಾಸಿದ ಹಳೆಯ ಅಕ್ಷರ, ತಿದ್ದಿದ ಗುರುತಿಲ್ಲ: ಸಿಂದಗಿ, ಸಂಜೆ ೬-೩೦, ಭಾನುವಾರ ಇರುವುದಿಲ್ಲ.