ಮೂಯ್ ಮನೆಯ ವಿನೆಗರಿಗೆ ಬ್ಲೀಚ್ ಸುರಿದ ಲುಯೆನಕ್ಕ

ಹೊಸ ವರ್ಷದ ಹಬ್ಬ ಮುಗಿದು ಅಲಂಕಾರಕ್ಕಿಟ್ಟ ಪೀಚ್ ಹೂವಿನ ಕೊಂಬೆಗಳು ಕಸಕ್ಕೆ ಬೀಳುವ ಹೊತ್ತಿಗೆ ಬಂದರು ಊರು ಹೈಫಾಂಗಿನ ನಮ್ಮ ಕಟ್ಟಡ ಬೆವರತೊಡಗುತ್ತದೆ. ಗೋಡೆ, ನೆಲ, ಮೆಟ್ಟಿಲು ಎಲ್ಲಕ್ಕೂ ಬೆವರು. ಒಣಹಾಕಿದ ಬಟ್ಟೆ ಇನ್ನಷ್ಟು ಒದ್ದೆಯಾಗುತ್ತದೆ. ನಾವೆಲ್ಲ ಹವೆಯನ್ನು ಬೈದು ಸುಮ್ಮನಾಗುತ್ತಿದ್ದೆವು. ಎದುರುಮನೆಯ ಲುಯೆನಕ್ಕ ಮಾತ್ರ ಬ್ಲೀಚ್ ನೀರಿನ ಬಕೆಟ್ ಹಿಡಿದು ಯುದ್ಧಕ್ಕೇ ಇಳಿಯುತ್ತಿದ್ದಳು.

ದೋಣಿಕಟ್ಟೆಯಲ್ಲಿ ಟಿಕೆಟ್ ಮಾರಿ ನಿವೃತ್ತಳಾದವಳು. ಹಡಗಿನ ಸಿಳ್ಳೆಯನ್ನೂ ಮೀರಿಸುವ ಗಂಟಲು. ಬಚ್ಚಲ ಗೋಡೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಸಾಕು, ಉಜ್ಜಿ ಉಜ್ಜಿ ಬಣ್ಣವನ್ನೂ ಕಿತ್ತುಬಿಡುತ್ತಿದ್ದಳು. ಬೂಷ್ಟು ಹಿಡಿದಿದೆಯೆಂದು ಗಂಡ ದ್ವಾನನ ಮದುವೆ ಮನೆಗಳಿಗೆಂದೇ ಇಟ್ಟ ಕರಿ ಪ್ಯಾಂಟನ್ನೂ ಅದೇ ನೀರಿಗೆ ಅದ್ದಿದಳು. ಅಲ್ಲಲ್ಲಿ ಬಿಳಿ ಮಚ್ಚೆ ಎದ್ದವು.

"ಏನೇ ಇದು, ಪ್ಯಾಂಟೋ ಹಸುವಿನ ಚರ್ಮವೋ?" ಎಂದ ದ್ವಾನ್.

"ಕ್ರಿಮಿ ಸತ್ತಿದೆಯಲ್ಲ, ಸುಮ್ನೆ ಹಾಕ್ಕೊಳ್ರಿ."

ಅವಳ ಪಕ್ಕದ ಮನೆಯ ಮೂಯ್ ತನ್ನ ಅಣ್ಣನ ಮಗನ ಮದುವೆಗೆ ಹೊರಟಾಗ ಬೀಗದಕೈ ಲುಯೆನಕ್ಕನಿಗೇ ಕೊಟ್ಟಳು. "ಹಕ್ಕಿಗೆ ಒಂದಿಷ್ಟು ಕಾಳು ಹಾಕಿ ಅಕ್ಕ, ಬೇರೇನೂ ಮುಟ್ಬೇಡಿ."

ಹಕ್ಕಿಗೆ ಕಾಳು ಹಾಕಿದ್ದಾಯಿತು. ಆಮೇಲೆ ಲುಯೆನಕ್ಕ ಅಡುಗೆಮನೆಗೆ ಒಂದು ಕಣ್ಣು ಹಾಯಿಸಿದಳು. ಮೂಲೆಯ ಗಾಜಿನ ಭರಣಿಯಲ್ಲಿ ಬಾಳೆಹಣ್ಣಿನ ಚೂರು, ಮೇಲೆ ತೇಲುವ ದಪ್ಪನೆಯ ಬಿಳಿ ಲೋಳೆ. ಅಂಗಡಿಯ ಬಾಟಲಿಯದು ಬಿಟ್ಟರೆ ಬೇರೆ ವಿನೆಗರ್ ಕಂಡವಳಲ್ಲ ಅವಳು.

"ಅಯ್ಯಯ್ಯೋ, ಈ ಹೆಂಗಸು ಬೂಷ್ಟನ್ನೇ ಸಾಕ್ಕೊಂಡಿದಾಳೆ!" ಎಂದು ಬಕೆಟ್ ತಂದು ಭರಣಿಗೆ ಸುರಿದೇಬಿಟ್ಟಳು.

ಬುಸ್ಸೆಂದು ಘಾಟು ಎದ್ದಿತು. ಮರುಗಳಿಗೆ ಲುಯೆನಕ್ಕ ಕೆಮ್ಮುತ್ತ ಹೊರಗೋಡಿ ಬಂದು, "ಬೆಂಕಿ! ಅಲ್ಲ, ಬೆಂಕಿಯಲ್ಲ! ಏನೋ ಒಂದು! ಎಲ್ರೂ ಕೆಳಗಿಳೀರಿ!" ಎಂದು ಕೂಗಿದಳು. ಇಡೀ ಕಟ್ಟಡ ಅಂಗಳಕ್ಕಿಳಿಯಿತು. ಒಬ್ಬರ ತಲೆಯಲ್ಲಿ ಶಾಂಪೂ ನೊರೆ, ಇನ್ನೊಬ್ಬರ ಕೈಯಲ್ಲಿ ಶಾವಿಗೆ ಬಟ್ಟಲು. ದ್ವಾನ್ ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಕಿಟಕಿಗಳನ್ನೆಲ್ಲ ತೆರೆದು, ಬಾಲ್ಕನಿಯ ಪಂಜರ ಹೊತ್ತು ತಂದ. ಹಕ್ಕಿ ಬದುಕಿತ್ತು, ಕೋಪದಲ್ಲಿ ಒಂದೇ ಸಮ ಚೀರುತ್ತಿತ್ತು.

ಘಾಟು ಇಳಿದ ಮೇಲೆ ದ್ವಾನ್ ಭರಣಿಯ ಹುಳಿ ಗುರುತಿಸಿ, ಬ್ಲೀಚ್ ಬಾಟಲಿ ತಂದು ಎಲ್ಲರೆದುರು ಓದಿದ: "ವಿನೆಗರ್ ಜೊತೆ ಸೇರಿಸಬಾರದು, ವಿಷಗಾಳಿ ಬರುತ್ತದೆ. " ಆಮೇಲೆ ಹೆಂಡತಿಯ ಕಡೆ ತಿರುಗಿ, "ಇಷ್ಟು ದಪ್ಪಕ್ಕೆ ಬರ್ದಿದಾರಲ್ಲೇ!" ಎಂದ.

"ಕನ್ನಡಕ ಹಾಕಿರ್ಲಿಲ್ಲ ಕಣ್ರೀ," ಎಂದಳು ಲುಯೆನಕ್ಕ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಮದುವೆ ಮುಗಿಸಿ ಬಂದ ಮೂಯ್ ಭರಣಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಅದು ಬೂಷ್ಟಲ್ಲ ಅಕ್ಕ, ವಿನೆಗರಿನ ತಾಯಿ. ಹುಳಿ ಬರ್ಸೋದೇ ಅದು. ನಮ್ಮತ್ತೆ ಸಾಯೋ ಮುಂಚೆ ನನ್ನ ಕೈಗೆ ಕೊಟ್ಟಿದ್ದು." ಆಮೇಲೆ ಮಾತು ಬಿಟ್ಟಳು. ಮೆಟ್ಟಿಲಲ್ಲಿ ಎದುರಾದರೂ ಗೋಡೆ ನೋಡಿಕೊಂಡು ಹೋಗುತ್ತಿದ್ದಳು.

ಲುಯೆನಕ್ಕನಿಗೆ ಅನ್ನ ಸೇರಲಿಲ್ಲ. ಅದೇ ತಾಯಿಯ ತುಂಡೊಂದು ನಾಮ್ ದಿನ್‌ನಲ್ಲಿ ಮೂಯ್‌ಳ ನಾದಿನಿಯ ಬಳಿ ಇದೆಯೆಂದು ವಿಚಾರಿಸಿಕೊಂಡು ಬಸ್ಸು ಹತ್ತಿದಳು. ವಾಪಸು ಬರುವಾಗ ಭರಣಿ ತೊಡೆಯ ಮೇಲೆ, ಹಸುಗೂಸಿನ ಹಾಗೆ. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ವಾಸನೆ ಹಬ್ಬುತ್ತಿತ್ತು.

"ಯಾರಪ್ಪಾ ಅದು, ಕಾಲು ತೊಳೀದೆ ಬಸ್ ಹತ್ತಿರೋದು?" ಎಂದರು ಹಿಂದಿನ ಸೀಟಿನವರು. ಅವಳೂ ತಿರುಗಿ, "ಹೌದು, ಯಾರದು?" ಎಂದು ಗದರಿದಳಂತೆ.

ಲೋಳೆಯ ಪದರ ದಪ್ಪವಾಗುವ ತನಕ ಅಲುಗಿಸಬಾರದು, ಬಾಳೆಹಣ್ಣು ಮತ್ತು ಒಂದಿಷ್ಟು ಅಕ್ಕಿಯ ಸಾರಾಯಿ ಹಾಕುತ್ತಿರಬೇಕು, ಬ್ಲೀಚ್ ಹತ್ತಿರ ಸುಳಿಯಬಾರದು: ಇದು ನಾದಿನಿಯ ಅಪ್ಪಣೆ. ಬಕೆಟ್ ಮಂಚದಡಿ ಸೇರಿತು. ಬಚ್ಚಲ ಗೋಡೆಯಲ್ಲಿ ಬೂಷ್ಟು ಆರಾಮಾಗಿ ಸಂಸಾರ ಹೂಡಿತು. ಲುಯೆನಕ್ಕ ದಿನವೂ ಭರಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇವತ್ತು ಬಣ್ಣ ಬಂದಿದೆ ಅಲ್ವೇನ್ರೀ?" ಎನ್ನುವಳು.

"ನಂಗೆ ಜ್ವರ ಬಂದಾಗ್ಲೂ ಹಿಂಗೆ ನೋಡಿಲ್ಲ," ಎನ್ನುವನು ದ್ವಾನ್.

ಪದರ ದಪ್ಪವಾದ ದಿನ ಲುಯೆನಕ್ಕ ಮೂಯ್ ಮನೆಯ ಬಾಗಿಲು ತಟ್ಟಿ ಭರಣಿ ಎದುರಿಗಿಟ್ಟಳು. ಮೂಯ್ ಮೂಸಿದಳು, ಬೆರಳದ್ದಿ ಚಪ್ಪರಿಸಿದಳು, ಕಣ್ಣೊರೆಸಿಕೊಂಡಳು.

"ಹುಳಿ ಇನ್ನೂ ಸಾಲ್ದು," ಎಂದಳು. ಎಷ್ಟೋ ವಾರಗಳಾದ ಮೇಲಿನ ಮೊದಲ ಮಾತು ಅದು. "ನಿಮಗೂ ಒಂದು ತುಂಡು ಕೊಡ್ಲಾ ಅಕ್ಕ?"

"ಅಯ್ಯೋ, ನಂಗ್ಯಾಕೆ ಆ ಲೋಳೆ!" ಎನ್ನುತ್ತಲೇ ಲುಯೆನಕ್ಕ ಅಂಗಿಯ ಮರೆಯಿಂದ ತೊಳೆದೊರೆಸಿದ ಖಾಲಿ ಸೀಸೆಯೊಂದನ್ನು ಹೊರತೆಗೆದಳು.