ಸಿದ್ದಪ್ಪನವರ ಒಂದು ಮಾತು

ಕೊರಳಿಗೆ ಪಾಸು ನೇತುಬಿದ್ದೊಡನೆ ಮನುಷ್ಯನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ನೀವೂ ಗಮನಿಸಿರಬಹುದು. ಹೈದರಾಬಾದಿನ ಚಿತ್ರೋತ್ಸವದಲ್ಲಿ ವರ್ಷಕ್ಕೆ ನಾಲ್ಕು ದಿನ ನಾನೂ ಹೀಗೆ ನೆಟ್ಟಗಾಗುತ್ತೇನೆ. ಈ ಉತ್ಸವದಲ್ಲಿ ಉತ್ಸಾಹಕ್ಕಿಂತ ಸರದಿಯೇ ಉದ್ದ, ಚಿತ್ರಕ್ಕಿಂತ ಭಾಷಣವೇ ದೀರ್ಘ ಎಂದು ಗೊಣಗುವುದೂ, ಮರುವರ್ಷ ಎಲ್ಲರಿಗಿಂತ ಮೊದಲು ಹೆಸರು ನೋಂದಾಯಿಸುವುದೂ ನನ್ನ ನಿವೃತ್ತ ಜೀವನದ ಎರಡು ಅಖಂಡ ನಿಷ್ಠೆಗಳು.

ಈ ಸಲ ಜೊತೆಗೆ ಮಹಾದೇವಮ್ಮ ಬಂದಿದ್ದರು. ಯಾದಗಿರಿ ಕಡೆಯವರು, ನಾರಾಯಣಗೂಡದ ನಮ್ಮ ಮನೆಗೆ ದಿನವೂ ಬಂದು ಜೋಳದ ರೊಟ್ಟಿ ಬಡಿದುಕೊಡುವವರು. ಅವರ ಗಂಡ ಸಿದ್ದಪ್ಪ ಈ ನಗರದ ಎತ್ತರದ ಕಟ್ಟಡಗಳ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತಿದ್ದ ಗೌಂಡಿ. ಒಮ್ಮೆ ಊರಿಗೆ ಹೋದಾಗ ಅಲ್ಲೊಂದು ಕನ್ನಡ ಸಿನಿಮಾದ ಚಿತ್ರೀಕರಣ ನಡೆದಿತ್ತು. ಬಸ್ ನಿಲ್ದಾಣದಲ್ಲಿ ನಿಂತು, ಊರು ಬಿಟ್ಟು ಹೊರಟ ನಾಯಕಿಗೆ "ನೀರು ಕುಡದು ಹೋಗವ್ವ ತಂಗಿ" ಎನ್ನುವ ಒಂದೇ ಮಾತಿನ ಪಾತ್ರ ಅವರಿಗೆ ಸಿಕ್ಕಿತು. ಸಿನಿಮಾ ಸಿದ್ಧವಾಗುವ ಮೊದಲೇ ಕಾಮಾಲೆ ಅವರನ್ನು ಒಯ್ದಿತು. ಉತ್ಸವದ ಪಟ್ಟಿಯಲ್ಲಿ ಆ ಸಿನಿಮಾ ಇದೆ ಎಂದು ನಾನು ಹೇಳಿದ ದಿನ ಮಹಾದೇವಮ್ಮ ಹಿಟ್ಟಿನ ಕೈ ಹಾಗೆಯೇ ಹಿಡಿದು ನಿಂತುಬಿಟ್ಟರು.

"ಫೋಟೊ ಐತ್ರಿ ಸರ, ದನಿ ಇಲ್ರಿ. ಒಮ್ಮಿ ಕೇಳಬೇಕಾಗೇತಿ."

ಅವರಿಗೂ ಒಂದು ಪಾಸು ಮಾಡಿಸಿ, ಮೆಟ್ರೋ ಬದಲಿಸಿ, ಮಧ್ಯಾಹ್ನಕ್ಕೆ ಮಾದಾಪುರದ ಚಿತ್ರಮಂದಿರ ಸೇರಿದೆವು. ಎರಡನೆಯ ಪರದೆಯ ಮುಂದೆ ಒಂದು ಗಂಟೆ ನಿಂತ ಮೇಲೆ, ಪ್ರದರ್ಶನ ನಾಲ್ಕನೆಯದಕ್ಕೆ ವರ್ಗವಾಗಿದೆಯೆಂದು ತಿಳಿಯಿತು. ಓಡಿದೆವು. ಅಲ್ಲಿ ಬಾಗಿಲು ಕಾಯುತ್ತಿದ್ದ ನಡುವಯಸ್ಸಿನವರು ಕೈ ಅಡ್ಡ ಹಿಡಿದು, "ಸೀಟ್ಲು ಲೇವಂಡಿ" ಎಂದರು. ಸೀಟಿಲ್ಲ. ಪಾಸು ಇದ್ದರೆ ಸಾಲದು, ಬೆಳಿಗ್ಗೆಯೇ ಮೊಬೈಲಿನಲ್ಲಿ ಆಸನ ಕಾದಿರಿಸಬೇಕಿತ್ತಂತೆ. ಬಾಗಿಲ ಸಂದಿಯಲ್ಲಿ ಅತಿಥಿಗಳಿಗೆಂದು ಮೀಸಲಿಟ್ಟ ಎರಡು ಸಾಲು ಖಾಲಿ ಕಾಣುತ್ತಿತ್ತು. ನನ್ನೊಳಗಿನ ಹಳೆಯ ಅಧ್ಯಾಪಕ ಎಚ್ಚೆತ್ತ. ಕಲೆ ಯಾರ ಸ್ವತ್ತು ಎಂಬ ವಿಷಯದ ಮೇಲೆ ನನ್ನ ಹರಕು ತೆಲುಗಿನಲ್ಲಿ ಉಪನ್ಯಾಸ ಶುರುಮಾಡಿದೆ. ಒಳಗೆ ದೀಪಗಳು ಆರಿದವು. ನನ್ನ ಪೀಠಿಕೆಯೇ ಇನ್ನೂ ಮುಗಿದಿರಲಿಲ್ಲ.

ಮಹಾದೇವಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು.

"ಸಾಬ್, ಮೇರಾ ಆದ್ಮಿ ಅಂದರ್ ಹೈ."

ನನ್ನ ಗಂಡ ಒಳಗಿದ್ದಾನೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆತ ಆಕೆಯ ಮುಖ ನೋಡಿ, ಬಾಗಿಲು ತೆರೆದರು. ಹಿಂದೆಯೇ ನುಸುಳಲು ಹೋದ ನನ್ನನ್ನು ಮಾತ್ರ ತಡೆದರು.

ಎರಡು ಗಂಟೆ ಹೊರಗೆ ಗೋಡೆಗೊರಗಿ ನಿಂತಿದ್ದೆ. ಜನರೆಲ್ಲ ಹೋದ ಮೇಲೆ ಮಹಾದೇವಮ್ಮ ನಿಧಾನವಾಗಿ ಹೊರಬಂದರು.

"ಕಂಡ್ರೇನು?"

"ಕಂಡ್ರರಿ. ಭಾಳ ಚಂದ ಕಂಡ್ರು. ನಾನs ಒಗದಿದ್ದ ಅಂಗಿ ಹಾಕ್ಕೊಂಡಿದ್ರು." ಸೆರಗು ಹೊದ್ದುಕೊಂಡು, "ಬಾಯಿ ಅವರದರಿ ಸರ, ದನಿ ಬ್ಯಾರೆಯವರದು," ಎಂದರು.

ಯಾರದೋ ಕಂಠವನ್ನು ಆಮೇಲೆ ಕೂಡಿಸಿದ್ದರು. ಇಷ್ಟು ವರ್ಷ ಸಿನಿಮಾದ ಬಗ್ಗೆ ಪಾಂಡಿತ್ಯ ಕೊಚ್ಚಿಕೊಂಡ ನನಗೆ ಈ ಒಂದು ಸಾಧ್ಯತೆ ಮೊದಲೇ ಹೊಳೆಯಬಾರದಿತ್ತೇ? ಹೊಳೆದಿದ್ದರೆ ಆಕೆಗೆ ಆಸೆ ಹುಟ್ಟಿಸುತ್ತಿರಲಿಲ್ಲ. ನಾಚಿಕೆಯಿಂದ ಕೊರಳಿನ ಪಾಸು ತೆಗೆದು ಜೇಬಿಗೆ ಹಾಕಿಕೊಂಡೆ.

ಮೆಟ್ರೋದಲ್ಲಿ ಕುಳಿತ ಮೇಲೆ ಅವರೇ ಮಾತಾಡಿದರು. "ದನಿ ಕೊಟ್ಟಾಂವ ಜೋರಾಗಿ ಒದರ್ಯಾನರಿ. ಇವ್ರು ಹಂಗ ಒದರಾವರs ಅಲ್ಲ. ಹಿಂಗಂತಿದ್ರು ನೋಡ್ರಿ." ಕಣ್ಣು ಮುಚ್ಚಿ, ಗಂಟಲನ್ನು ತುಸು ತಗ್ಗಿಸಿ ಅಂದರು: "ನೀರು ಕುಡದು ಹೋಗವ್ವ ತಂಗಿ." ತಲೆಯಾಡಿಸಿದರು. "ಅಲ್ಲ, ಇನ್ನಾ ಮೆಲ್ಲಗ." ಮತ್ತೊಮ್ಮೆ ಅಂದರು. ಈ ಸಲ ದನಿ ಒಡೆಯಿತು.

ಎದುರು ಕುಳಿತಿದ್ದ ತೆಲುಗು ಹೆಂಗಸಿಗೆ ‘ನೀರು’ ಎಂಬುದಷ್ಟೇ ಅರ್ಥವಾಗಿರಬೇಕು. ಬ್ಯಾಗಿನಿಂದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಕೈ ಚಾಚಿದಳು.

ಮಹಾದೇವಮ್ಮ ಬೇಡವೆನ್ನಲಿಲ್ಲ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಿ ಕುಡಿದರು.