ಅಪ್ಪನ ಟೆಲೆಕ್ಸ್ ಕೋಣೆ

ಗರಿಯಾಹಾಟಿನಲ್ಲಿ ಹೊಲಿಗೆ ಯಂತ್ರದ ರಿಪೇರಿ ಅಂಗಡಿ ದಾಟುವಾಗ ಎಣ್ಣೆಯ ವಾಸನೆ ಬಂತು. ನಾನು ಚಿಕ್ಕವಳಿದ್ದಾಗ ಅಪ್ಪನ ಅಂಗಿಯ ತೋಳಿಗೂ ಇದೇ ವಾಸನೆ ಇರುತ್ತಿತ್ತು. ಖಿದಿರ್‌ಪುರದ ಬಂದರು ಕಚೇರಿಯೊಂದರಲ್ಲಿ ಅವರು ಟೆಲೆಕ್ಸ್ ಆಪರೇಟರ್; ಕೆಲಸಕ್ಕೆಂದೇ ನಮ್ಮೂರು ಬಿಟ್ಟು ಈ ಬಂಗಾಳಿ ಊರಿಗೆ ಬಂದವರು. ಹಡಗುಗಳ ಸುದ್ದಿಯೆಲ್ಲ ಮೊದಲು ತಂತಿಯ ಮೂಲಕ ಅವರ ಯಂತ್ರಕ್ಕೇ ಬಂದು ಕಾಗದದ ಮೇಲೆ ಅಚ್ಚಾಗುತ್ತಿತ್ತು.

ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು, ಸುದ್ದಿ ಈಮೇಲಿನಲ್ಲಿ ಬರತೊಡಗಿತು. ಜೊತೆಗಾರರು ಸ್ವಯಂನಿವೃತ್ತಿ ಪಡೆದು ಹೋದರು. ನನ್ನ ಓದು ಮುಗಿಯಲಿ ಎಂದು ಅಪ್ಪ ಉಳಿದರು. ಒಂದು ರಜೆಯ ದಿನ ಅವರ ಜೊತೆ ಹೋದೆ. ಯಂತ್ರಗಳನ್ನೆಲ್ಲ ಆಗಲೇ ಹೊತ್ತೊಯ್ದಿದ್ದರು; ಆ ದೊಡ್ಡ ಕೋಣೆಯಲ್ಲಿ ಅಪ್ಪನ ಮೇಜು, ಫೋನು ಮಾತ್ರ ಇದ್ದವು.

“ಇಲ್ಲೆ ದಿನಾ ಏನ್ ಮಾಡ್ತೀಯಪ್ಪಾ?”

“ಐದ್ ಗಂಟೆ ಆಗೂದನ್ನ ಕಾಯ್ತೇನವಾ.”

ಅಂದಿನಿಂದ ಶಾಲೆ ಬಿಟ್ಟೊಡನೆ ಬಸ್ ಸ್ಟಾಪಿನ ಫೋನ್ ಬೂತಿನಿಂದ ಅವರಿಗೆ ಫೋನ್ ಮಾಡತೊಡಗಿದೆ. “ಟೆಲೆಕ್ಸ್ ಸೆಕ್ಷನ್” ಎಂದು ಗತ್ತಿನಿಂದ ಎತ್ತುತ್ತಿದ್ದರು. ನನ್ನ ದನಿ ಕೇಳಿದರೆ ನಗುತ್ತಿದ್ದರು.

ಒಮ್ಮೆ, “ಬಸ್ ಬಂತಪ್ಪಾ, ಇಡ್ತೇನಿ” ಎಂದೆ.

“ಇನ್ನೊಂಚೂರು ಮಾತಾಡವಾ. ನಾ ಇನ್ನೂ ಇಲ್ಲೆ ಅದೇನಿ ಅಂತ ಕೋಣಿ ಹೊರಗಿನವ್ರಿಗೆ ಗೊತ್ತಾಗ್ಲಿ.”

ಆ ಬಸ್ಸು ಬಿಟ್ಟು ಮಾತಾಡುತ್ತ ನಿಂತೆ.

ಅಪ್ಪ ಈಗಿಲ್ಲ. ಈ ಊರಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರೂ ಯಾರೂ ಉಳಿದಿಲ್ಲ.